ಗುರುತು ಹಾಕದ ಡಬ್ಬಿ

ಮೂರನೆಯ ಸಲವೂ ಆಪರೇಷನ್ ಮುಂದಕ್ಕೆ ಹೋದ ದಿನ ತಂಗಿ ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರವಾಗಿ ಲಾಂಡ್ರಿಗೇ ಬಂದಳು. ಮನೆಗೆ ಹೋಗಿ ಮಾಡುವುದಾದರೂ ಏನು, ಸೂರು ನೋಡುತ್ತ ಮಲಗುವುದು ತಾನೇ. ಮೊಳೆಯ ಮೇಲಿದ್ದ ಏಪ್ರನ್ ತೆಗೆದು, ಹೊಕ್ಕುಳ ಹತ್ತಿರದ ಉಬ್ಬಿಗೆ ಗಂಟು ಒತ್ತದಂತೆ ಪಕ್ಕಕ್ಕೆ ಸರಿಸಿ ಕಟ್ಟಿಕೊಂಡು, ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಳು. ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು.

"ಏನಂದ್ರು?"

"ಅದೇ."

"ಅದೇ ಅಂದ್ರೆ ಯಾವುದೇ? ಬಾಯಿ ಬಿಟ್ಟು ಹೇಳು."

"ರಕ್ತದಲ್ಲಿ ಬಿಳಿ ಕಣ ಜಾಸ್ತಿಯಂತೆ. ಹೋದ ಸಲದ್ದೇ ಹಾಡು. ಅದು ಇಳಿಯೋ ತನಕ ಹೊಟ್ಟೆ ಮುಟ್ಟಲ್ಲವಂತೆ."

ಅಕ್ಕ ಬೆಡ್‌ಶೀಟನ್ನು ಬೇಕಾದ್ದಕ್ಕಿಂತ ಜೋರಾಗಿ ಒದರಿದಳು. ಮೂಲೆಗೆ ಮೂಲೆ ಸೇರಿಸಿ ಇಬ್ಬರೂ ಎದುರುಬದುರು ನಡೆದು ಬಂದರು. ಅಂಚನ್ನು ಅಕ್ಕನ ಕೈಗೆ ಕೊಟ್ಟು ಕೆಳಗಿನ ಮಡಿಕೆ ಹಿಡಿಯಲು ಬಾಗುವಾಗ ತಂಗಿ ತುಟಿ ಕಚ್ಚಿದಳು. ಒದ್ದೆ ಬಟ್ಟೆಯ ಗಾಡಿ ಎಳೆದೂ ಎಳೆದೂ ಹೊಟ್ಟೆಯ ಗೋಡೆ ಸಡಿಲವಾಗಿ, ಒಳಗಿನ ಕರುಳು ಅಲ್ಲೊಂದು ನಿಂಬೆಹಣ್ಣಿನಷ್ಟು ಹೊರಗೆ ಇಣುಕುತ್ತಿತ್ತು. ಹರ್ನಿಯಾ ಎಂದಿದ್ದರು. ಬಲೆ ಇಟ್ಟು ಹೊಲಿಯಬೇಕು, ದೊಡ್ಡ ಆಪರೇಷನ್ನೇನಲ್ಲ, ಆದರೆ ಬಿಡುವ ಹಾಗೂ ಇಲ್ಲ, ಯಾವತ್ತಾದರೂ ಕರುಳು ಅಲ್ಲೇ ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತದೆ ಎಂದೂ ಹೇಳಿದ್ದರು. ಹಾಗೆ ಹೇಳಿದವರೇ ಈಗ ಮುಂದಕ್ಕೆ, ಮುಂದಕ್ಕೆ ಎನ್ನುತ್ತಿದ್ದರು. ಬಿಳಿ ಕಣ ಹೆಚ್ಚಿದೆ ಎಂದರೆ ಮೈಯಲ್ಲಿ ಎಲ್ಲೋ ಸೋಂಕು ಕೂತಿರಬಹುದು, ಅದನ್ನು ಇಟ್ಟುಕೊಂಡು ಬಲೆ ಹಾಕಿದರೆ ಕೀವಾದೀತು ಎಂಬುದು ಅವರ ಚಿಂತೆ.

ಪಕ್ಕದಲ್ಲಿ ಮೇಜುಬಟ್ಟೆಗಳಿಗೆ ಗಂಜಿ ಹಾಕುತ್ತಿದ್ದ ಮುದುಕ ತೊಟ್ಟಿಯಿಂದ ತಲೆಯೆತ್ತಿದ. ಲಾಂಡ್ರಿಯಲ್ಲಿ ಅವನ ಹೆಸರೇ ಗಂಜಿ ಮಾವ.

"ಬಿಳಿ ಜಾಸ್ತಿ ಆದ್ರೆ ಒಳ್ಳೇದಲ್ವೇನಮ್ಮಾ? ಬಿಳಿ ಬರ್ಲಿ ಅಂತ ತಾನೇ ನಾವು ದಿನಾ ಇಲ್ಲಿ ಇಷ್ಟು ಒದ್ದಾಡೋದು."

"ಮಾವ, ನಿಮ್ಮ ಬಾಯಿಗೂ ಒಂದಿಷ್ಟು ಗಂಜಿ ಹಾಕ್ಕೊಳ್ಳಿ. ನೆಟ್ಟಗೆ ನಿಲ್ಲತ್ತೆ," ಎಂದಳು ಅಕ್ಕ.

ತಂಗಿಗೆ ನಗುವುದಕ್ಕೂ ಆಯಾಸ. ಈ ಬಿಳಿ ಕಣದ ಬೆನ್ನು ಹತ್ತಿ ಅವಳು ತಿರುಗದ ಬಾಗಿಲಿಲ್ಲ. ಉಚ್ಚೆ ಪರೀಕ್ಷೆ ಆಯಿತು, ಎದೆಯ ಎಕ್ಸ್‌ರೇ ಆಯಿತು. ಸೋಂಕಿಗೆಂದು ಕೊಟ್ಟ ದಪ್ಪ ದಪ್ಪ ಮಾತ್ರೆ ನುಂಗಿ ಹೊಟ್ಟೆ ಕೆಟ್ಟದ್ದಾಯಿತು. ಹಲ್ಲಿನವರ ಹತ್ತಿರ ಕಳಿಸಿದರು. ಅವರು ಬಾಯಿ ತೆರೆಸಿ, ಒಳಗೆ ಕನ್ನಡಿ ಇಟ್ಟು ನೋಡಿ, ಒಂದು ದವಡೆ ಹಲ್ಲಿನ ಮೇಲೆ ಅನುಮಾನ ಬಂದು ಅದನ್ನು ಕಿತ್ತೇಬಿಟ್ಟರು. ಹಲ್ಲು ಹೋಯಿತು, ಬಿಳಿ ಕಣ ಮಾತ್ರ ಹೋಗಲಿಲ್ಲ.

"ಅಕ್ಕಾ," ಎಂದಳು ತಂಗಿ, ಮುಂದಿನ ಬೆಡ್‌ಶೀಟು ಹರಡುವಾಗ. ಮುಖ್ಯವಾದದ್ದನ್ನೆಲ್ಲ ಅವರು ಬೆಡ್‌ಶೀಟು ಮಡಚುವಾಗಲೇ ಮಾತಾಡುವುದು. ಹತ್ತಿರ ಬಂದಾಗ ಪಿಸುಮಾತು, ದೂರ ಹೋದಾಗ ಬರೀ ಮುಖ. "ರಕ್ತ ಕೊಡೋ ಸಾಲಲ್ಲಿ ಒಬ್ಬಾಕೆ ಹೇಳಿದ್ಲು. ಎಷ್ಟು ಔಷಧಿ ಕೊಟ್ರೂ ಬಿಳಿ ಇಳೀಲಿಲ್ಲ ಅಂದ್ರೆ ಅದು ರಕ್ತದ ಕ್ಯಾನ್ಸರ್ರೇ ಅಂತೆ. ಅವಳ ನಾದಿನಿಗೂ ಹಾಗೇ ಆಗಿತ್ತಂತೆ."

"ಆ ನಾದಿನಿಗೂ ಅವಳ ನಾಲಿಗೆಗೂ ಏನೂ ಕೆಲಸ ಇಲ್ಲ. ನೀನು ಕೇಳಿಸ್ಕೊಂಡು ಬಂದೆಯಲ್ಲ, ನಿನಗೂ ಇಲ್ಲ."

"ಇದ್ರೆ ಇರ್ಲಿ ಬಿಡು. ನನಗೆ ಸಾಕಾಗಿದೆ. ನಾನಿನ್ನು ಆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ."

ಅಕ್ಕ ಏಪ್ರನ್ನಿನ ಜೇಬಿನಿಂದ ಒಂದು ಚಿಕ್ಕ ತಗಡಿನ ಡಬ್ಬಿ ತೆಗೆದಳು. ಯಾವುದೋ ಕಾಲದಲ್ಲಿ ಮುಖಕ್ಕೆ ಹಚ್ಚುವ ಕ್ರೀಮು ಇದ್ದ ಡಬ್ಬಿ; ಮುಚ್ಚಳದ ಹೂವು ಸವೆದು ಕಾಂಡ ಮಾತ್ರ ಉಳಿದಿತ್ತು. ಅದರೊಳಗೆ ಅಕ್ಕನ ಉಬ್ಬಸದ ಮಾತ್ರೆಗಳಿದ್ದವು. ಒಂದನ್ನು ಉಗುರಿನಿಂದ ಎರಡು ಮಾಡಿ, ಅರ್ಧವನ್ನು ತಾನು ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ತಂಗಿಯ ಅಂಗೈಯಲ್ಲಿಟ್ಟಳು.

"ಬೆಳಿಗ್ಗೆ ಕೊಟ್ಟಿದ್ದು ಇಳಿದುಹೋಗಿರತ್ತೆ, ಮೊದಲು ಇದನ್ನ ನುಂಗು. ಮುಖ ನೋಡು, ಹಿಂಡಿ ಒಣಗಿಸಿದ ಟವೆಲು ಆಗಿದೆ."

ಅಕ್ಕ ತಂಗಿಯರ ನಡುವೆ ನಿನ್ನದು ನನ್ನದು ಎಂಬುದು ಇರಲಿಲ್ಲ. ಊಟದ ಡಬ್ಬಿ ಒಂದೇ, ಕೊಡೆ ಒಂದೇ. ಅಕ್ಕನ ಕನ್ನಡಕವನ್ನು ಹಾಕಿಕೊಂಡೇ ತಂಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹೇನು ಸೀರು ಹತ್ತುವ ಬಾಚಣಿಗೆಯಾದರೂ ಬೇರೆ ಇಟ್ಟುಕೊಳ್ಳಿರೇ ಎಂದು ತಾಯಿ ಸಾಯುವ ತನಕ ಬೈಯುತ್ತಿದ್ದಳು. ಹಾಗಿರುವಾಗ ಮಾತ್ರೆ ಯಾವ ಲೆಕ್ಕ? ಉಗಿಗೂ ಬ್ಲೀಚಿನ ಘಾಟಿಗೂ ಎದೆ ಕಟ್ಟಿ ಗೊರಗೊರ ಎನ್ನುವ ಅಕ್ಕನಿಗೆ ಎದೆಯ ಡಾಕ್ಟರು ಬರೆದುಕೊಟ್ಟ ಮಾತ್ರೆ ಅದು. ನುಂಗಿದರೆ ಉಸಿರು ಹಗುರವಾಗುತ್ತದೆ, ಕೈಕಾಲಿಗೆ ಒಂದು ಬಲ ಬರುತ್ತದೆ. "ಇದನ್ನ ಕೊಟ್ರೆ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯೂ ಬಿಸಿಯಾಗತ್ತೆ," ಎಂದು ಅಕ್ಕ ಹೇಳುತ್ತಿದ್ದಳು. ತಂಗಿಗೆ ಹೊಟ್ಟೆ ಉಬ್ಬಿ ಸುಸ್ತು ಶುರುವಾದಾಗಿನಿಂದ ದಿನವೂ ಒಂದು ಮಾತ್ರೆ ಇಬ್ಬರಿಗೂ ಅರ್ಧರ್ಧ. ಆಸ್ಪತ್ರೆಗೆ ಹೋಗುವ ದಿನ, ಸಾಲಲ್ಲಿ ನಿಲ್ಲಬೇಕಲ್ಲ ಪಾಪ ಎಂದು, ಇಡೀ ಮಾತ್ರೆಯನ್ನು ತಂಗಿಗೇ ಕೊಟ್ಟುಬಿಡುತ್ತಿದ್ದಳು.

ಹೊಟ್ಟೆಯ ಡಾಕ್ಟರು ಈ ಸಲ ರಕ್ತದ ಡಾಕ್ಟರಿಗೆ ಚೀಟಿ ಬರೆದಿದ್ದರು. ತಂಗಿ ಅದನ್ನು ಅಕ್ಕನಿಗೆ ಹೇಳಿರಲೇ ಇಲ್ಲ. ಅಕ್ಕ ಒಗೆಯಲೆಂದು ಅವಳ ಬಟ್ಟೆಯ ಜೇಬು ತಡಕಿದಾಗ ಅದು ಸಿಕ್ಕಿತು. ಲಾಂಡ್ರಿಯವರಿಂದ ಜೇಬಿನ ವಸ್ತು ಮುಚ್ಚಿಡಲು ಸಾಧ್ಯವೇ.

"ನಾನೂ ಬರ್ತೀನಿ," ಎಂದಳು ಅಕ್ಕ.

"ಇಬ್ಬರೂ ಹೋದ್ರೆ ಮಡಚೋರು ಯಾರು? ಮೇಸ್ತ್ರಿ ಕೂಗಾಡ್ತಾರೆ."

"ಕೂಗಾಡ್ಲಿ. ಗಂಟಲು ಅವರದ್ದು."

ಮೇಸ್ತ್ರಿ ಕೂಗಾಡಿದರು. ಆಮೇಲೆ, ಒಂದು ದಿನದ ಮಟ್ಟಿಗೆ, ಗಂಜಿ ಮಾವನನ್ನೂ ಒಣಗಿಸುವ ಯಂತ್ರದ ಹುಡುಗಿಯನ್ನೂ ಮಡಚಲು ನಿಲ್ಲಿಸಿದರು.

ರಕ್ತದ ಡಾಕ್ಟರು ವಯಸ್ಸಾದ ಹೆಂಗಸು. ಕನ್ನಡಕವನ್ನು ಹಣೆಗೇರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವಂಥವರು. ಕೋಣೆಯ ಕಿಟಕಿಗೆ ಹಸಿರು ಪರದೆ, ಪರದೆಯ ಅಂಚು ಬಿಚ್ಚಿಕೊಂಡಿದ್ದನ್ನು ಅಕ್ಕ ಒಳಗೆ ಬಂದ ಕೂಡಲೇ ಗಮನಿಸಿದ್ದಳು. ತಂಗಿ ಕುರ್ಚಿಯಲ್ಲಿ ಕೂತಳು, ಅಕ್ಕ ಅವಳ ಹಿಂದೆ ನಿಂತಳು. ಸಾಲು ಉದ್ದವಿತ್ತು. ಅಷ್ಟು ಹೊತ್ತು ಕಾದು ಇಬ್ಬರೂ ಬಸವಳಿದಿದ್ದರು.

"ಹದಿನೇಳು ಸಾವಿರ," ಎಂದರು ಡಾಕ್ಟರು, ಹಳೆಯ ವರದಿಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು. "ಹನ್ನೊಂದರ ಒಳಗಿರಬೇಕಿತ್ತು. ಪ್ರತಿ ಸಲವೂ ಇಷ್ಟೇ. ಜ್ವರ ಬರತ್ತಾ?"

"ಇಲ್ಲ."

"ಕೆಮ್ಮು? ಉರಿಮೂತ್ರ? ಎಲ್ಲಾದ್ರೂ ಕುರು, ವಾಸಿಯಾಗದ ಗಾಯ? ಇಸ್ತ್ರಿಯಲ್ಲಿ ಸುಟ್ಟುಕೊಂಡಿದ್ದು?"

ತಂಗಿ ಮುಂಗೈ ತೋರಿಸಿದಳು. ಹಳೆಯ ಕಲೆಗಳು, ಎಲ್ಲ ಒಣಗಿದವು.

"ಕೀಲು ಊದಿಕೊಳ್ಳತ್ತಾ? ಅಲರ್ಜಿ? ಬೀಡಿ, ಸಿಗರೇಟು?"

"ಅಯ್ಯೋ ಮೇಡಂ!"

"ಕೇಳಬೇಕಮ್ಮ. ಸೇದೋರಿಗೂ ಜಾಸ್ತಿ ಇರತ್ತೆ. ಬಸುರಾದ್ರೂ ಜಾಸ್ತಿಯಾಗತ್ತೆ."

"ಈ ವಯಸ್ಸಲ್ಲಿ ಬಸುರಾದ್ರೆ ಬಿಳಿ ಆಗೋದು ನಮ್ಮ ಮುಖ," ಎಂದಳು ಅಕ್ಕ ಹಿಂದಿನಿಂದ. ಡಾಕ್ಟರು ನಕ್ಕರು. ತಂಗಿ ನಗಲಿಲ್ಲ. ಅವಳಿಗೆ ಕೇಳಬೇಕಾದದ್ದು ಒಂದೇ ಇತ್ತು. ಕೊನೆಗೆ ಮೇಜಿನ ಕಾಲನ್ನು ನೋಡುತ್ತ ಕೇಳಿದಳು.

"ಮೇಡಂ, ನನಗೆ ರಕ್ತದ ಕ್ಯಾನ್ಸರ್ರಾ?"

ಡಾಕ್ಟರು ತಕ್ಷಣ ಇಲ್ಲ ಎನ್ನಲಿಲ್ಲ. ಅಷ್ಟಕ್ಕೇ ಅಕ್ಕನ ಕೈ ತಂಗಿಯ ಹೆಗಲ ಮೇಲೆ ಬಿಗಿಯಾಯಿತು.

"ಅದೂ ಒಂದು ಕಾರಣ ಇರಬಹುದು. ಆದ್ರೆ ನೂರು ಜನ ಹೀಗೆ ಬಂದ್ರೆ ಅದು ಇರೋದು ಎಲ್ಲೋ ಒಬ್ಬಿಬ್ಬರಿಗೆ. ನಿಮ್ಮ ರಕ್ತದ ಹನಿಯನ್ನ ನಾನೇ ಕೂತು ನೋಡಿದೀನಿ. ಕಣಗಳೆಲ್ಲ ಬಲಿತ ಕಣಗಳೇ, ವಿಚಿತ್ರವಾದ್ದು ಏನೂ ಕಾಣ್ಲಿಲ್ಲ. ಅದಕ್ಕೇ ತಲೆ ಕೆರ್ಕೋತಿದೀನಿ. ನೋಡಿ, ನಿಮ್ಮ ಲಾಂಡ್ರಿಗೆ ಒಂದೇ ದಿನ ಎರಡು ಹೋಟೆಲಿನ ಬಟ್ಟೆ ಬಂದು ಬಿದ್ರೆ ಏನ್ಮಾಡ್ತೀರಿ?"

"ರಜೆ ಮೇಲೆ ಇರೋರನ್ನೂ ಕರೆಸ್ತಾರೆ," ಎಂದಳು ತಂಗಿ.

"ಹಾಗೇ. ಬಿಳಿ ಕಣ ಅಂದ್ರೆ ಕರೆಸಿಕೊಂಡ ಕೆಲಸದವರು. ಯಾರು ಕರೆದ್ರು, ಯಾಕೆ ಕರೆದ್ರು ಅನ್ನೋದು ಗೊತ್ತಾಗಬೇಕು. ಯಾವುದಾದ್ರೂ ಮಾತ್ರೆ ತೊಗೋತಿದೀರಾ?"

"ಹೊಟ್ಟೆ ಡಾಕ್ಟರು ಕೊಟ್ಟಿದ್ದು ಮುಗೀತು. ಈಗ ನನ್ನ ಮಾತ್ರೆ ಯಾವುದೂ ಇಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಈ ಪ್ರಶ್ನೆಯನ್ನು ಎಲ್ಲರೂ ಕೇಳಿದ್ದರು, ಎಲ್ಲರಿಗೂ ಅವಳು ಇದನ್ನೇ ಹೇಳಿದ್ದಳು.

ಡಾಕ್ಟರು ಬೆನ್ನು ಹಿಂದಕ್ಕೆ ಚಾಚಿ ನಿಟ್ಟುಸಿರಿಟ್ಟರು. ಮೂಳೆಯ ಒಳಗಿನ ಮಜ್ಜೆಯನ್ನು ಸೂಜಿ ಹಾಕಿ ತೆಗೆದು ನೋಡುವ ಒಂದು ಪರೀಕ್ಷೆ ಇದೆ, ಅದನ್ನು ಮಾಡಿಸಬೇಕಾಗಬಹುದು ಎಂದರು. ಸೂಜಿ, ಮೂಳೆ ಎಂಬ ಎರಡು ಮಾತು ಕೇಳಿದ್ದೇ ತಡ ತಂಗಿಯ ತಲೆ ಒಂದು ಕಡೆಗೆ ವಾಲಿತು. ಹಣೆಯಲ್ಲಿ ಬೆವರು.

"ಏಯ್, ಏಯ್, ಇಲ್ಲಿ ನೋಡು. ಬೆಳಿಗ್ಗೆ ಹೊರಡೋ ಗಡಿಬಿಡಿಯಲ್ಲಿ ಕೊಡೋದೇ ಮರೆತೆ," ಎನ್ನುತ್ತ ಅಕ್ಕ ಚೀಲದಿಂದ ತಗಡಿನ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ, ಒಂದು ಇಡೀ ಮಾತ್ರೆ ತೆಗೆದು, ಡಾಕ್ಟರ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ಎತ್ತಿಕೊಂಡು, "ಬಾಯಿ ತೆಗಿ, ನುಂಗು. ಇನ್ನರ್ಧ ಗಂಟೇಲಿ ಎದ್ದು ಕೂರ್ತೀಯ," ಎಂದಳು.

"ಅದೇನಮ್ಮಾ?" ಡಾಕ್ಟರು ಕೇಳಿದರು.

"ಏನಿಲ್ಲ ಮೇಡಂ. ನನ್ನ ಉಬ್ಬಸದ್ದು."

"ಇವರಿಗೆ ಯಾಕೆ ಕೊಡ್ತಿದೀರಿ?"

"ಸುಸ್ತಿಗೆ. ದಿನಾ ಅರ್ಧ ಕೊಡ್ತೀನಿ. ಇಲ್ಲಿಗೆ ಬರೋ ದಿನ ಒಂದು."

ಡಾಕ್ಟರು ಕೈ ಚಾಚಿದರು. ಅಕ್ಕ, ಅದೇನು ನೋಡುವಂಥದ್ದು ಎಂಬ ಮುಖ ಮಾಡಿ ಡಬ್ಬಿ ಕೊಟ್ಟಳು. ಡಾಕ್ಟರು ಹಣೆಯ ಮೇಲಿದ್ದ ಕನ್ನಡಕವನ್ನು ಕೊನೆಗೂ ಕಣ್ಣಿಗೆ ಇಳಿಸಿಕೊಂಡು, ಡಬ್ಬಿಯೊಳಗೆ ಮಡಚಿಟ್ಟಿದ್ದ ಮಾತ್ರೆಯ ಹಾಳೆಯ ಹಿಂಬದಿ ಓದಿದರು. ತುಂಬ ಹೊತ್ತು ಓದಿದ ಹಾಗಿತ್ತು. ಹೊರಗೆ ಯಾರೋ ಮುಂದಿನವರು ಕೆಮ್ಮಿದರು.

"ಇದು ಸ್ಟೆರಾಯ್ಡ್," ಎಂದರು ಮೆಲ್ಲಗೆ. "ನಿಮ್ಮ ಉಬ್ಬಸಕ್ಕೆ ಇದು ಬೇಕು. ಆದ್ರೆ ಇದಕ್ಕೊಂದು ಗುಣ ಇದೆ. ರಕ್ತನಾಳದ ಗೋಡೆಗೆ ಒರಗಿ ಸುಮ್ಮನೆ ಕೂತಿರೋ ಬಿಳಿ ಕಣಗಳನ್ನೆಲ್ಲ ಎಬ್ಬಿಸಿ ನಡುದಾರಿಗೆ ತಳ್ಳತ್ತೆ. ಎಣಿಸೋರಿಗೆ ಜನ ಜಾಸ್ತಿ ಕಾಣ್ತಾರೆ. ಕೆಲಸ ಏನೂ ಇಲ್ಲ, ಬರೀ ಓಡಾಟ. ನಾವು ಸೋಂಕು ಇದೆ ಅಂತ ಹುಡುಕ್ತಾ ಇದ್ವಿ."

ತಂಗಿ ಬಾಯಲ್ಲಿದ್ದ ಮಾತ್ರೆಯನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ಕೆನ್ನೆಯಲ್ಲೇ ಇಟ್ಟುಕೊಂಡಿದ್ದಳು. ಡಾಕ್ಟರು ಅಂಗೈ ಚಾಚಿ ಅದನ್ನು ತೆಗೆಸಿ ಕಾಗದದಲ್ಲಿ ಸುತ್ತಿಟ್ಟರು.

"ಮಾತ್ರೆ ತೊಗೋತೀರಾ ಅಂತ ಕೇಳಿದೆನಲ್ಲಮ್ಮ?"

"ಅದು ಅಕ್ಕಂದು ಮೇಡಂ," ಎಂದಳು ತಂಗಿ, ನಾಲಿಗೆಯ ಕಹಿಯನ್ನು ನುಂಗುತ್ತ.

ಡಾಕ್ಟರು ಅಕ್ಕನ ಕಡೆ ತಿರುಗಿದರು. "ದಿನಾ ಅರ್ಧ ಇವರಿಗೆ ಕೊಟ್ರೆ, ನೀವೆಷ್ಟು ತೊಗೋತಿದ್ರಿ?"

"ಉಳಿದಿದ್ದು."

"ಅದಕ್ಕೇ ನಿಮ್ಮ ಎದೆ ಇಲ್ಲಿ ತನಕ ಕೇಳಿಸ್ತಿದೆ."

ಕೋಣೆಯಲ್ಲಿ ಮೂವರೂ ಆ ಸದ್ದನ್ನು ಕೇಳಿಸಿಕೊಂಡರು. ತಂಗಿ ಅದನ್ನು ಎಷ್ಟೋ ತಿಂಗಳಿಂದ ಕೇಳುತ್ತಲೇ ಇದ್ದಳು, ಪಕ್ಕದ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಬೆಡ್‌ಶೀಟಿನ ಆ ತುದಿಯಲ್ಲಿ. ಉಗಿ ಜಾಸ್ತಿ ಎಂದು ಅಂದುಕೊಂಡಿದ್ದಳು.

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ ಎಂದರು ಡಾಕ್ಟರು. ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ತಟಕ್ಕನೆ ಬಿಟ್ಟರೆ ನೆಲ ಹಿಡಿಯಬೇಕಾದೀತು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರಬೇಕು, ಆಮೇಲೆ ಮತ್ತೆ ರಕ್ತ ನೋಡಬೇಕು, ಆಪರೇಷನ್ ಮಾಡುವವರಿಗೂ ಅರಿವಳಿಕೆ ಕೊಡುವವರಿಗೂ ಈ ಮಾತ್ರೆಯ ಸುದ್ದಿ ಮರೆಯದೆ ಹೇಳಬೇಕು. "ಬಿಳಿ ಕಣ ಇಳಿದ್ರೆ ಮೂಳೆಗೆ ಸೂಜಿ ಬೇಡ. ಇಳೀಲಿಲ್ಲ ಅಂದ್ರೆ ನೋಡೋಣ."

"ಇಳೀಲಿಲ್ಲ ಅಂದ್ರೆ," ಎಂಬ ಮಾತನ್ನು ಹೊತ್ತುಕೊಂಡೇ ಇಬ್ಬರೂ ಹೊರಗೆ ಬಂದರು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಕ್ಕ ಮಾತಿಲ್ಲದೆ ಕೂತಳು. ಮಾತಿಲ್ಲದ ಅಕ್ಕನನ್ನು ನೋಡಿ ತಂಗಿಗೆ ರಕ್ತದ ಡಾಕ್ಟರ ಕೋಣೆಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಯಿತು.

"ಏನಾದ್ರೂ ಬೈಯೇ. ಮಾತಾಡು."

"ಯಾರನ್ನ ಬೈಯಲಿ? ನಾನೇ ಕೊಟ್ಟೆ. ಆಪರೇಷನ್ ನಾನೇ ಮುಂದೆ ಹಾಕಿಸಿದೆ. ನಿನ್ನ ಹಲ್ಲು ಕೀಳಿಸಿದ್ದೂ ನಾನೇ ಆಯ್ತು."

"ಆ ಹಲ್ಲು ಹುಳುಕೇ ಆಗಿತ್ತು, ಬಿಡು."

"ಕರುಳು ಸಿಕ್ಕಿಕೊಂಡುಬಿಟ್ಟಿದ್ರೆ?"

"ಸಿಕ್ಕಿಕೊಳ್ಳಲಿಲ್ಲವಲ್ಲ. ಇಷ್ಟು ದಿನ ನಿನ್ನ ಉಸಿರನ್ನ ಕಡ ತೊಗೊಂಡು ನಡೀತಿದ್ದೆ ನಾನು. ಅದು ಗೊತ್ತಿದ್ರೆ ಸ್ವಲ್ಪ ಮೆತ್ತಗೆ ನಡೀತಿದ್ದೆ." ತಂಗಿ ಅಕ್ಕನ ಚೀಲದಿಂದ ಡಬ್ಬಿ ತೆಗೆದು, ಒಂದು ಮಾತ್ರೆಯನ್ನು ಅಕ್ಕನ ಅಂಗೈಯಲ್ಲಿಟ್ಟಳು. "ಮುರೀಬೇಡ. ಇಡೀದು ನುಂಗು. ನಾನು ನೋಡ್ತಿರ್ತೀನಿ."

ಲಾಂಡ್ರಿಯಲ್ಲಿ ಪ್ರತಿ ಬಟ್ಟೆಯ ಮೂಲೆಗೂ ಒಗೆದರೆ ಹೋಗದ ಕಪ್ಪು ಶಾಯಿಯಲ್ಲಿ ಒಂದು ಗುರುತು ಹಾಕುತ್ತಾರೆ. ಈ ಹೋಟೆಲಿಗೆ ಚುಕ್ಕಿ, ಆ ಹೋಟೆಲಿಗೆ ಗೆರೆ, ಆಸ್ಪತ್ರೆಗೆ ತ್ರಿಕೋನ; ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋದರೆ ಮೇಸ್ತ್ರಿ ಆಕಾಶಭೂಮಿ ಒಂದು ಮಾಡುತ್ತಾರೆ. ಮರುದಿನ ಅಕ್ಕ, ಇಳಿಸುತ್ತ ಬರಲು ಡಾಕ್ಟರು ತಂಗಿಗೆ ಬರೆದುಕೊಟ್ಟ ಮಾತ್ರೆಗಳಿಗೆಂದು, ಇನ್ನೊಂದು ಡಬ್ಬಿ ತಂದಳು. ಗುರುತಿನ ಕಡ್ಡಿಯನ್ನು ಶಾಯಿಯಲ್ಲಿ ಅದ್ದಿ ತನ್ನ ಡಬ್ಬಿಯ ಮುಚ್ಚಳಕ್ಕೆ ಒಂದು ಗೆರೆ ಎಳೆದಳು, ತಂಗಿಯದಕ್ಕೆ ಎರಡು. ಊದಿ ಊದಿ ಒಣಗಿಸಿದಳು.

"ಇಷ್ಟು ವರ್ಷ ಊರವರ ಬಟ್ಟೆಗೆಲ್ಲ ಗುರುತು ಹಾಕಿದ್ರಿ. ಇದೊಂದಕ್ಕೆ ಹಾಕ್ಲಿಲ್ಲ," ಎಂದ ಗಂಜಿ ಮಾವ. ಯಾಕೋ ಅವನೂ ಆವತ್ತು ತಮಾಷೆ ಮಾಡಲಿಲ್ಲ.

ಮಾತ್ರೆ ಇಳಿಸುತ್ತ ಬಂದ ವಾರಗಳು ಕೆಟ್ಟವು. ಕಡ ತಂದ ಬಲವೆಲ್ಲ ಒಂದೊಂದಾಗಿ ವಾಪಸು ಹೋಯಿತು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುವುದೇ ತಂಗಿಗೆ ಒಂದು ದಿನದ ಕೆಲಸದಂತಾಯಿತು. ಮೈಕೈಯೆಲ್ಲ ಹೊಡೆದು ಹಾಕಿದ ಹಾಗೆ ನೋವು. ಮೇಸ್ತ್ರಿ ಗೊಣಗುತ್ತಲೇ ಅವಳನ್ನು ಕೂತು ಮಾಡುವ ಕೆಲಸಕ್ಕೆ ಹಾಕಿದರು: ಕೈವಸ್ತ್ರ ಎಣಿಸುವುದು, ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುವುದು. ಬೆಡ್‌ಶೀಟಿನ ಇನ್ನೊಂದು ತುದಿಗೆ ಗಂಜಿ ಮಾವ ಬಂದ. ಅವನಿಗೆ ಮಡಚುವುದು ಬರದು. ಬಲಗೈಗಿಂತ ಎಡಗೈ ಯಾವಾಗಲೂ ಒಂದು ಗೇಣು ಮುಂದೆ. ಮೂಲೆಗಳು ಎಂದೂ ಕೂಡುತ್ತಿರಲಿಲ್ಲ.

"ಮಾವ, ಅದು ಬೆಡ್‌ಶೀಟು, ಗಾಳಿಪಟ ಅಲ್ಲ."

"ನಿನ್ನ ಕಡೆಯೇ ಸೊಟ್ಟ ಇರೋದು. ನಾನು ನೆಟ್ಟಗೇ ಇದೀನಿ."

ಗುಂಡಿ ಹೊಲಿಯುತ್ತಲೇ ತಂಗಿ ಅಕ್ಕನ ಎದೆಯ ಸದ್ದಿಗೆ ಕಿವಿ ಕೊಡುತ್ತಿದ್ದಳು. ದಿನದಿಂದ ದಿನಕ್ಕೆ ಅದು ತಗ್ಗುತ್ತ ಬಂತು. ಒಂದು ಮಧ್ಯಾಹ್ನ ಯಂತ್ರಗಳೆಲ್ಲ ನಿಂತಾಗ ಕೇಳಿಸಿಕೊಂಡರೆ ಏನೂ ಇಲ್ಲ. ಆ ಮೌನಕ್ಕೆ ಅವಳ ಕಣ್ಣು ತುಂಬಿತು. ಸೂಜಿ ಕಾಣದೆ ಅಕ್ಕನ ಕನ್ನಡಕ ಕೇಳಿದಳು. ಕನ್ನಡಕ ಈಗಲೂ ಒಂದೇ.

ರಕ್ತ ಕೊಡುವ ದಿನ ಅವಳು ತನ್ನದೇ ಕಾಲಿನ ಮೇಲೆ ಹೋದಳು. ಮೆಟ್ಟಿಲು ಹತ್ತುವಾಗ ನಡುವೆ ಕೂತಳು, ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು. ಅಕ್ಕ ಅವಳ ಜಾಗ ಹಿಡಿದು ನಿಂತಿದ್ದಳು. ಡಬ್ಬಿಯ ಮೇಲೆ ಅಕ್ಕನ ಕೈ ಎರಡು ಸಲ ಹೋಯಿತು. ಎರಡು ಸಲವೂ ತಂಗಿ ಕೆಳಗಿನಿಂದ "ಹ್ಞೂಂ?" ಎಂದಳು. ಕೈ ಹಿಂದಕ್ಕೆ ಬಂತು.

ಸಂಜೆ ವರದಿ ಬಂದಾಗ ಕಿಟಕಿಯ ಹಿಂದಿದ್ದವನು ಅದನ್ನು ಚಾಚಿದ. ತಂಗಿ ತೆಗೆದುಕೊಳ್ಳಲಿಲ್ಲ.

"ಇಳಿದಿದೆಯಾ, ಅಷ್ಟು ಹೇಳಿಬಿಡಪ್ಪ."

ಅವನು ಕಾಗದದ ಮೇಲೆ ಬೆರಳಾಡಿಸಿದ. "ಒಂಬತ್ತು ಸಾವಿರ ಚಿಲ್ಲರೆ. ಸರಿಯಾಗೇ ಇದೆಯಲ್ಲ."

ಕುಣಿಯಬೇಕಿತ್ತು. ಕುಣಿಯುವ ಶಕ್ತಿ ಯಾರಿಗಿತ್ತು? ತಂಗಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅಕ್ಕ ಅಲ್ಲೇ, ಅಷ್ಟು ಜನರೆದುರು, ಬಾಯಿಗೆ ಕೈ ಅಡ್ಡ ಇಟ್ಟು ಅತ್ತಳು.

"ಅಳಬೇಡವೇ. ಉಬ್ಬಸ ಬರತ್ತೆ," ಎಂದಳು ತಂಗಿ ಕಣ್ಣು ತೆರೆಯದೆ.

ಆಸ್ಪತ್ರೆಗೆ ಸೇರುವ ದಿನ ನರ್ಸು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಓದುವ ಹಾಗೆ ಕೇಳುತ್ತ ಹೋದಳು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆ?

"ಅಕ್ಕನ ಮಾತ್ರೆ ತಿಂತಿದ್ದೆ," ಎಂದಳು ತಂಗಿ. "ಉಬ್ಬಸದ್ದು. ಎಷ್ಟೋ ತಿಂಗಳು. ಈಗ ಬಿಟ್ಟಿದೀನಿ. ಚೆನ್ನಾಗಿ ಕಾಣೋ ಹಾಗೆ ಬರ್ಕೊಳ್ಳಿ."

ನರ್ಸು ತಲೆಯೆತ್ತಿ ಅವಳನ್ನು ನೋಡಿದಳು. ಬರೆದುಕೊಂಡಳು. ಆಮೇಲೆ ಮಂಚದ ಮೇಲೆ ಹಾಸಲು ಒಂದು ಬೆಡ್‌ಶೀಟು ಬಿಡಿಸಿ ಒದರಿದಳು. ಮೂಲೆಯಲ್ಲಿ ಕಪ್ಪು ತ್ರಿಕೋನ. ಮಡಿಕೆಯ ಗೆರೆಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುವಷ್ಟರಲ್ಲಿ ಒಂದು ಗೇಣು ಪಕ್ಕಕ್ಕೆ ಜಾರಿದ್ದವು.

"ಯಾರಪ್ಪಾ ಇದನ್ನ ಮಡಚಿದೋರು," ಎಂದು ನರ್ಸು ಗೊಣಗಿದಳು.

"ನಮ್ಮೋರೇ," ಎಂದಳು ತಂಗಿ. ಸೊಟ್ಟ ಗೆರೆಯ ಪಕ್ಕ ಮಲಗಿ, ನೆಟ್ಟಗಿದ್ದ ಅಂಚು, ಅಕ್ಕ ಹಿಡಿದಿದ್ದ ಅಂಚು, ಯಾವ ಕಡೆಯದೆಂದು ಕೈಯಿಂದ ತಡವಿ ನೋಡಿದಳು. ಎಡಗಡೆಯದು. ಆ ಕಡೆಗೆ ಹೊರಳಿಕೊಂಡಳು. ಬಾಗಿಲ ಹೊರಗೆ ಅಕ್ಕ ಯಾರೊಂದಿಗೋ ವಾದ ಮಾಡುತ್ತಿದ್ದಳು, ಉಸಿರು ಕಟ್ಟದೆ, ಗಟ್ಟಿಯಾಗಿ. ಅದನ್ನು ಕೇಳುತ್ತ ಕೇಳುತ್ತ ತಂಗಿಗೆ ನಿದ್ದೆ ಬಂತು.